ಕೊಲೆ ನೋಡುವ ಹೆಂಗಸು

ನಮ್ಮ ಶಾಲೆಯಲ್ಲಿ ನನಗೊಂದು ಅಡ್ಡಹೆಸರಿದೆ. ಎದುರಿಗೆ ಯಾರೂ ಕರೆಯುವುದಿಲ್ಲ. ಆದರೆ ಕಾರಿಡಾರಿನ ತಿರುವಿನಲ್ಲಿ ನನ್ನ ಸೀರೆಯ ಅಂಚು ಕಂಡದ್ದೇ ತಡ, 'ಸಿಐಡಿ ಬಂತು ಕಣ್ರೋ' ಎಂದು ಮಕ್ಕಳು ಪಿಸುಗುಟ್ಟಿ ಓಡುವುದು ನನ್ನ ಕಿವಿಗೆ ಬೀಳದೇ ಇರುವುದಿಲ್ಲ. ಪರೀಕ್ಷೆಯಲ್ಲಿ ಜಾಮಿಟ್ರಿ ಡಬ್ಬಿಯ ಕಾಗದದ ಕೆಳಗೆ ಅಡಗಿಸಿದ ಚೀಟಿಯನ್ನು ನಾನು ಮುಖ ನೋಡಿಯೇ ಪತ್ತೆ ಮಾಡುತ್ತೇನೆ ಎಂಬ ಕಾರಣಕ್ಕೆ ಆ ಹೆಸರು ಬಂದಿದ್ದರೆ ಬೇಸರವಿರಲಿಲ್ಲ. ಅದು ಬಂದದ್ದು ನಾನು ಟೀವಿಯಲ್ಲಿ ಅಪರಾಧದ ಧಾರಾವಾಹಿಗಳನ್ನು ತಪ್ಪದೆ ನೋಡುತ್ತೇನೆ ಎಂಬ ಸುದ್ದಿ ಹಬ್ಬಿದ ಮೇಲೆ.

ಮಕ್ಕಳು ನಗಲಿ ಬಿಡಿ. ದೊಡ್ಡವರದೇ ತೊಂದರೆ. ವರ್ಗವಾಗಿ ಬಂದ ಗಣಿತದ ಮೇಷ್ಟ್ರೊಬ್ಬರು ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತ ಎಲ್ಲರೆದುರಿಗೇ ಕೇಳಿದರು: "ಅಲ್ಲ ಮೇಡಂ, ಮಕ್ಕಳಿಗೆ ವಚನ, ದಾಸರ ಪದ ಪಾಠ ಮಾಡೋರು ನೀವು. ರಾತ್ರಿ ಹತ್ತು ಗಂಟೆಗೆ ಕೂತ್ಕೊಂಡು ಕೊಲೆ ನೋಡ್ತೀರಂತಲ್ಲ, ಹೆಂಗಸರಿಗೆ ಅದೆಲ್ಲ ಹೇಗೆ ಹಿಡಿಸುತ್ತೆ?"

ನಾನು ಆಗ ಮೊಸರನ್ನದಲ್ಲಿ ದಾಳಿಂಬೆ ಕಾಳು ಹುಡುಕುವವಳಂತೆ ತಲೆ ತಗ್ಗಿಸಿ ನಕ್ಕು ಸುಮ್ಮನಾದೆ. ಒಳ್ಳೆಯ ಉತ್ತರಗಳು ನಮ್ಮಂಥವರಿಗೆ ಮನೆಗೆ ಹೋಗಿ ಪಾತ್ರೆ ತೊಳೆಯುವಾಗಲೇ ಹೊಳೆಯುವುದು. ಆ ದಿನ ಹೊಳೆದ ಉತ್ತರವನ್ನೂ, ಆಮೇಲೆ ಅದರ ಬೆನ್ನಿಗೆ ಹುಟ್ಟಿಕೊಂಡ ಒಂದು ಜಗಳವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಅರ್ಧ ಜಗಳ ಆ ಮೇಷ್ಟ್ರ ಜೊತೆಗೆ. ಇನ್ನರ್ಧ ನಾನೇ ಮೆಚ್ಚಿ ನೋಡುವ ಧಾರಾವಾಹಿಗಳ ಜೊತೆಗೆ.

ಮೊದಲು ಮೇಷ್ಟ್ರಿಗೆ ಉತ್ತರ. ನಮ್ಮ ಅತ್ತೆಯವರು ಸಂಜೆ ದೀಪ ಹಚ್ಚಿದ ಮೇಲೆ ಊಟದ ಹೊತ್ತಿನವರೆಗೆ ಸಾಲಾಗಿ ಧಾರಾವಾಹಿ ನೋಡುತ್ತಾರೆ. ಅಡಿಗೆಮನೆಯಿಂದ ಅರ್ಧ ಕಿವಿಯಲ್ಲಿ ನನಗೂ ಕೇಳಿಸುತ್ತದೆ. ಹಾಲಿಗೆ ವಿಷ ಬೆರೆಸುವುದು, ಮೆಟ್ಟಿಲಿಗೆ ಎಣ್ಣೆ ಸುರಿದು ಬಸುರಿ ಸೊಸೆಯನ್ನು ಬೀಳಿಸುವುದು, ಗ್ಯಾಸ್ ತಿರುಗಿಸಿಟ್ಟು ಹೊರಗಿನಿಂದ ಚಿಲಕ ಹಾಕುವುದು, ಒಂದೇ ಎರಡೇ! ಇಷ್ಟೆಲ್ಲ ನಡೆದರೂ ವರ್ಷಗಟ್ಟಲೆ ಆ ಮನೆಗೆ ಒಬ್ಬ ಪೊಲೀಸು ಬರುವುದಿಲ್ಲ. ಮಾಡಿದವಳು ಮರುದಿನ ಇನ್ನೊಂದು ರೇಷ್ಮೆ ಸೀರೆ ಉಟ್ಟುಕೊಂಡು ದೇವರ ಮನೆಯಲ್ಲಿ ಮಂಗಳಾರತಿ ಎತ್ತುತ್ತಾಳೆ. ಇದಕ್ಕೆ 'ಸಾಂಸಾರಿಕ ಧಾರಾವಾಹಿ' ಎಂದು ಹೆಸರು. ಮನೆಮಂದಿಯೆಲ್ಲ ಕೂತು ನೋಡಬಹುದು. ನಾನು ನೋಡುವುದರಲ್ಲಿ ಅಂಥದೇ ಕೆಲಸ ಮಾಡಿದವರನ್ನು ಒಬ್ಬರು ಬಂದು ಹಿಡಿಯುತ್ತಾರೆ. ಇದು 'ಕೊಲೆ ಧಾರಾವಾಹಿ', ಹೆಂಗಸರು ನೋಡಬಾರದ್ದು. ರೇಷ್ಮೆ ಸೀರೆ ಉಟ್ಟು ಅಪರಾಧ ಮಾಡಿದರೆ ಸಂಸಾರ, ಅದನ್ನು ಪತ್ತೆ ಹಚ್ಚಿದರೆ ಕೊಲೆ! ಯಾವ ನ್ಯಾಯ ಇದು, ನೀವೇ ಹೇಳಿ.

ಈ ಚಾಳಿ ನನಗೆ ಇಂದು ನಿನ್ನೆ ಅಂಟಿದ್ದಲ್ಲ. ಪಠ್ಯಪುಸ್ತಕದ ಹೊರಗೆ ನಾನು ಮೊದಲು ಓದಿದ್ದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು. ಹೆಚ್ಚು ಓದಲು ಅವಕಾಶವೇ ಸಿಗದಿದ್ದ ಆ ಮನುಷ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ಕನ್ನಡದ ಎಷ್ಟೋ ಮನೆಗಳಿಗೆ ಓದುವ ರುಚಿ ಹತ್ತಿಸಿದರು. ಅವರ ಪತ್ತೇದಾರ ಪುರುಷೋತ್ತಮನನ್ನು ನಾನು ಸಮಾಜ ಪುಸ್ತಕದೊಳಗೆ ಬಚ್ಚಿಟ್ಟು ಓದುತ್ತಿದ್ದೆ. ಅಪ್ಪನ ಕೈಗೆ ಸಿಕ್ಕಿಬಿದ್ದು ಬೈಸಿಕೊಂಡದ್ದೂ ಉಂಟು. ಬೈದ ಅಪ್ಪ ಆ ಪುಸ್ತಕವನ್ನು ತಾವೇ ರಾತ್ರಿಯಿಡೀ ಓದಿ ಮುಗಿಸಿದರೆಂದು ಅಮ್ಮ ಮರುದಿನ ಗುಟ್ಟಾಗಿ ಹೇಳಿದಳು.

ಟೀವಿಯಲ್ಲಿ ಮೊದಲ ಪತ್ತೇದಾರನನ್ನು ಕಂಡದ್ದು ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿ. ದೂರದರ್ಶನದಲ್ಲಿ 1985ರಲ್ಲಿ 'ಕರಮಚಂದ್' ಬರುತ್ತಿತ್ತು. ಪಂಕಜ್ ಕಪೂರ್ ಕಪ್ಪು ಕನ್ನಡಕ ಹಾಕಿಕೊಂಡು, ಕರಕರ ಎಂದು ಕ್ಯಾರೆಟ್ ಕಡಿಯುತ್ತ ಕೊಲೆಗಾರನನ್ನು ಹಿಡಿಯುತ್ತಿದ್ದ. ಅವನ ಸಹಾಯಕಿ ಕಿಟ್ಟಿಯಾಗಿ ಸುಷ್ಮಿತಾ ಮುಖರ್ಜಿ. ಅವಳು ಬಾಯಿ ತೆರೆದರೆ ಸಾಕು, ಇವನು ಬಾಯಿ ಮುಚ್ಚು ಎನ್ನುವನು. ಆಗ ನಾವು ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಪಂಕಜ್ ಕಪೂರರಂಥ ನಟ ಅಪರೂಪ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ನೆನೆದರೆ ನನಗೆ ಕಿಟ್ಟಿಯ ಮೇಲೇ ಹೆಚ್ಚು ಪ್ರೀತಿ. ನಮಗೆಲ್ಲ ಇದ್ದ ಅನುಮಾನಗಳನ್ನು ನಮ್ಮ ಪರವಾಗಿ ಕೇಳುತ್ತಿದ್ದವಳು ಅವಳು. ಪೆದ್ದಿಯ ಪಾತ್ರವನ್ನು ಅಷ್ಟು ಚುರುಕಾಗಿ ಮಾಡುವುದು ಪೆದ್ದಿಗೆ ಸಾಧ್ಯವಿಲ್ಲ. ಪ್ರಶ್ನೆ ಕೇಳುವ ಹೆಣ್ಣಿಗೆ ಬಾಯಿ ಮುಚ್ಚು ಎಂಬುದೇ ಉತ್ತರ ಎನ್ನುವ ಪಾಠವನ್ನು ಮಾತ್ರ ನಾವು ನಗುನಗುತ್ತಲೇ ಕಲಿತೆವು.

ಅದನ್ನು ಮರೆಸಲು 1989ರಲ್ಲಿ 'ಉಡಾನ್' ಬಂತು. ಪತ್ತೇದಾರಿಯಲ್ಲ, ಪೊಲೀಸ್ ಅಧಿಕಾರಿಯಾದ ಹುಡುಗಿಯೊಬ್ಬಳ ಕಥೆ. ಬರೆದು ನಿರ್ದೇಶಿಸಿ ಕಲ್ಯಾಣಿಯ ಪಾತ್ರ ಮಾಡಿದವರು ಕವಿತಾ ಚೌಧರಿ. ಸರ್ಫ್ ಜಾಹೀರಾತಿನಲ್ಲಿ ಅಂಗಡಿಯವನ ಜೊತೆ ಲೆಕ್ಕಾಚಾರ ಮಾತಾಡುತ್ತಿದ್ದ ಲಲಿತಾಜಿಯೂ ಅವರೇ. ಕಥೆಗೆ ಆಧಾರ ಅವರ ಸ್ವಂತ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯ, 2004ರಲ್ಲಿ ಉತ್ತರಾಖಂಡದ ಪೊಲೀಸ್ ಮಹಾನಿರ್ದೇಶಕಿಯಾಗಿ, ದೇಶದಲ್ಲೇ ಆ ಹುದ್ದೆಗೇರಿದ ಮೊದಲ ಮಹಿಳೆ ಎನ್ನಿಸಿಕೊಂಡವರು. ಕಲ್ಯಾಣಿ ಖಾಕಿ ತೊಟ್ಟು ನಿಂತಾಗ ನನ್ನ ಬೆನ್ನೂ ನೆಟ್ಟಗಾಗುತ್ತಿತ್ತು. ಕವಿತಾ ಚೌಧರಿ 2024ರ ಫೆಬ್ರುವರಿಯಲ್ಲಿ ತೀರಿಕೊಂಡ ಸುದ್ದಿ ಓದಿದಾಗ ಮನೆಯವರನ್ನೇ ಕಳಕೊಂಡಂತಾಯಿತು.

ಆದರೆ ನನ್ನ ಮನಸ್ಸು ಪೂರ್ತಿ ಗೆದ್ದವನು 1993ರಲ್ಲಿ ಬಂದ ಬ್ಯೋಮಕೇಶ ಬಕ್ಷಿ. ಬಂಗಾಳಿಯ ಶರದಿಂದು ಬಂದ್ಯೋಪಾಧ್ಯಾಯರ ಕಥೆಗಳನ್ನು ಬಾಸು ಚಟರ್ಜಿ ದೂರದರ್ಶನಕ್ಕೆ ತಂದರು. ರಜಿತ್ ಕಪೂರ್ ಬ್ಯೋಮಕೇಶನಾದರು, ಕೆ.ಕೆ. ರೈನಾ ಗೆಳೆಯ ಅಜಿತನಾದರು. ನನಗೆ ಹಿಂದಿ ಕಲಿಸಿದ್ದು ಪರೀಕ್ಷೆಗಳಲ್ಲ, ಈ ಇಬ್ಬರು. ಪಂಚೆ ಉಟ್ಟ ಪತ್ತೇದಾರ! ಕೈಯಲ್ಲಿ ಬಂದೂಕಿಲ್ಲ, ಬಾಯಲ್ಲಿ ಅಬ್ಬರವಿಲ್ಲ. ತನ್ನನ್ನು ಪತ್ತೇದಾರ ಎಂದು ಕರೆದರೆ ಅವನಿಗೆ ಹಿಡಿಸದು. ತಾನು ಸತ್ಯಾನ್ವೇಷಿ ಎನ್ನುತ್ತಾನೆ. ರಜಿತ್ ಕಪೂರ್ 1996ರಲ್ಲಿ ಶ್ಯಾಮ್ ಬೆನಗಲ್ಲರ ಚಿತ್ರದಲ್ಲಿ ಗಾಂಧಿಯ ಪಾತ್ರ ಮಾಡಿ ರಾಷ್ಟ್ರಪ್ರಶಸ್ತಿ ಪಡೆದಾಗ ನನಗೆ ಆಶ್ಚರ್ಯವಾಗಲಿಲ್ಲ. ಎರಡು ಪಾತ್ರಕ್ಕೂ ಬೇಕಾದದ್ದು ಒಂದೇ ಗುಣ. ಎದುರಿಗಿರುವವರ ಮಾತು ಮುಗಿಯುವ ತನಕ ಕಾಯುವ ಗುಣ. ಆಳುಕಾಳು, ಮುದುಕಿ, ವಿಧವೆ, ಯಾರೇ ಮಾತಾಡಲಿ, ಆ ಮಾತಿನಲ್ಲಿ ಏನೋ ಇದೆ ಎಂಬಂತೆ ಬ್ಯೋಮಕೇಶ ಕೇಳುತ್ತಿದ್ದ. ಅವನು ಮದುವೆಯಾದ ಸತ್ಯವತಿ ಸಿಕ್ಕಿದ್ದೂ ಒಂದು ಕೊಲೆಯ ತನಿಖೆಯಲ್ಲಿ, ಅನುಮಾನಕ್ಕೆ ಗುರಿಯಾದವನ ತಂಗಿಯಾಗಿ. ಇನ್ನೂ ಮದುವೆಯಾಗದ ನಮಗೆ ಅದೊಂದು ದೊಡ್ಡ ವಿಷಯವಾಗಿತ್ತು. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ, ಅಡಿಗೆ ಬರುತ್ತದೆಯೇ ಎಂದು ಕೇಳುತ್ತಿದ್ದರೇ ಹೊರತು ನಾವು ಏನನ್ನು ಕಂಡೆವು, ಏನನ್ನು ಊಹಿಸಿದೆವು ಎಂದು ಯಾರು ಕೇಳಿದ್ದರು!

ಇನ್ನು 'ಸಿಐಡಿ'. 1998ರ ಜನವರಿಯಲ್ಲಿ ಸೋನಿ ವಾಹಿನಿಯಲ್ಲಿ ಶುರುವಾದದ್ದು 2018ರ ಅಕ್ಟೋಬರ್‌ವರೆಗೆ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. 2024ರ ಡಿಸೆಂಬರ್‌ನಲ್ಲಿ ಮತ್ತೆ ಹೊಸದಾಗಿ ಬಂತು. ನಿರ್ಮಾಪಕರು ಬಿ.ಪಿ. ಸಿಂಗ್. 2004ರಲ್ಲಿ ಅವರು ಒಂದು ಕಂತನ್ನು 111 ನಿಮಿಷ ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿ ದಾಖಲೆ ಮಾಡಿದರು. ಇಷ್ಟೂ ವರ್ಷಗಳಲ್ಲಿ ನನ್ನ ಮದುವೆ, ಎರಡು ಹೆರಿಗೆ, ಮೂರು ವರ್ಗಾವಣೆ, ಮಾವನವರ ಕಾಯಿಲೆ ಎಲ್ಲ ಆಗಿಹೋದವು. ಎ.ಸಿ.ಪಿ. ಪ್ರದ್ಯುಮ್ನ ಮಾತ್ರ ಬೆರಳುಗಳನ್ನು ಗಾಳಿಯಲ್ಲಿ ತಿರುವುತ್ತ, ಏನೋ ಎಡವಟ್ಟಾಗಿದೆ ಎನ್ನುತ್ತಲೇ ಇದ್ದರು.

ಇದರಲ್ಲಿ ನಗುವಂಥದ್ದು ಎಷ್ಟಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಡಾಕ್ಟರ್ ಸಾಳುಂಕೆ ಒಂದು ಗಾಜಿನ ನಳಿಗೆಯ ನೀಲಿ ನೀರನ್ನು ಇನ್ನೊಂದಕ್ಕೆ ಸುರಿದರೆ ಸಾಕು, ವಿಷದ ಹೆಸರು ಬಂದುಬಿಡುತ್ತದೆ. ಎ.ಸಿ.ಪಿ. ಒಂದು ಏಟು ಕೊಟ್ಟರೆ ಕೊಲೆಗಾರ ಬಾಲ್ಯದಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಹಾಗೆ ಹೊಡೆದು ಬಾಯಿ ಬಿಡಿಸುವುದು ತಪ್ಪು, ಪೊಲೀಸರ ಮುಂದೆ ಒಪ್ಪಿಕೊಂಡದ್ದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುವುದೂ ಇಲ್ಲ ಎಂಬುದನ್ನು ನಾನೇ ನನ್ನ ಮಕ್ಕಳಿಗೆ ಹೇಳಿದ್ದೇನೆ. ಆದರೂ ಆ ನಟರನ್ನು ಬಿಟ್ಟುಕೊಡಲು ನನ್ನಿಂದಾಗದು. ನಟನೆಗೆ ಬರುವ ಮೊದಲು ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಶಿವಾಜಿ ಸಾಟಂ. ಅದಕ್ಕೇ ಇರಬೇಕು, ಎದುರಿಗಿರುವವನ ಮಾತನ್ನು ನೋಟು ಎಣಿಸುವವರಂತೆ ಒಂದೊಂದಾಗಿ ಪರೀಕ್ಷಿಸಿ ನೋಡುವ ಮುಖ ಅವರದು. ಅಭಿಜಿತನಾಗಿ ಆದಿತ್ಯ ಶ್ರೀವಾಸ್ತವ ಎಲ್ಲರಿಗಿಂತ ಒಳ್ಳೆಯ ನಟ. 'ಸತ್ಯ', 'ಬ್ಲ್ಯಾಕ್ ಫ್ರೈಡೇ' ಚಿತ್ರಗಳಲ್ಲಿ ಅವರನ್ನು ನೋಡಿದವರಿಗೆ ಅದು ಗೊತ್ತು. ಇಲ್ಲಿ ಅವರು ತಮ್ಮ ಅರ್ಧ ಶಕ್ತಿಯನ್ನೂ ಖರ್ಚು ಮಾಡಬೇಕಾಗಲಿಲ್ಲ. ನಗಿಸುತ್ತಿದ್ದ ಫ್ರೆಡರಿಕ್ಸ್, ದಿನೇಶ್ ಫಡ್ನಿಸ್, 2023ರ ಡಿಸೆಂಬರ್‌ನಲ್ಲಿ ಹೋಗಿಬಿಟ್ಟರು. ಮತ್ತು ದಯಾ! ಒಂದೇ ಒದೆತಕ್ಕೆ ಬಾಗಿಲು ಮುರಿಯುವ ದಯಾ. ಆ ದಯಾನಂದ ಶೆಟ್ಟಿ ನಮ್ಮ ಉಡುಪಿಯ ಹತ್ತಿರದ ಕಟಪಾಡಿಯಲ್ಲಿ ಹುಟ್ಟಿದವರು, ಮೊದಲು ಚಕ್ರ ಎಸೆತದ ಆಟಗಾರರಾಗಿದ್ದವರು ಎಂದು ತಿಳಿದ ದಿನ ನಾನು ಸ್ಟಾಫ್ ರೂಮಿನಲ್ಲಿ ಮೈಸೂರುಪಾಕು ಹಂಚಿದ್ದೆ.

ಹಾಗಾದರೆ ನನ್ನಂಥವಳು ಇದನ್ನು ಯಾಕೆ ನೋಡುತ್ತಾಳೆ? ಹೆಣ ನೋಡಲಿಕ್ಕಲ್ಲ. ಸತ್ತವರು ಯಾರೇ ಆಗಿರಲಿ, ಕೆಲಸದಾಕೆಯೇ ಇರಲಿ, ಹೆಸರಿಲ್ಲದ ಹುಡುಗಿಯೇ ಇರಲಿ, ಅವಳಿಗೆ ಏನಾಯಿತು ಎಂದು ಕೇಳಲು ಅಷ್ಟು ಜನ ಬರುತ್ತಾರಲ್ಲ, ಅದನ್ನು ನೋಡಲಿಕ್ಕೆ. ಒಲೆಯ ಮುಂದೆ ಸುಟ್ಟುಕೊಂಡವಳಿಗೆ ಸ್ಟವ್ ಸಿಡಿಯಿತು ಎಂದು, ಬಾವಿಗೆ ಬಿದ್ದವಳಿಗೆ ಕಾಲು ಜಾರಿತು ಎಂದು ಹೇಳಿ ಹನ್ನೊಂದನೆಯ ದಿನಕ್ಕೆ ಎಲ್ಲ ಮುಗಿಸಿಬಿಡುವ ಊರುಗಳಲ್ಲಿ ಬೆಳೆದವರು ನಾವು. 'ಏನೋ ಎಡವಟ್ಟಾಗಿದೆ' ಎನ್ನುವ ಒಬ್ಬ ಮನುಷ್ಯನನ್ನು ಟೀವಿಯಲ್ಲಾದರೂ ಕಾಣುವ ಆಸೆ ನಮಗೆ. ಮೇಷ್ಟ್ರೇ, ಹೆಂಗಸರಿಗೆ ಇದು ಹೀಗೆ ಹಿಡಿಸುತ್ತದೆ.

ಈಗ ಜಗಳದ ಉಳಿದರ್ಧಕ್ಕೆ ಬರುತ್ತೇನೆ.

ನಿಜವಾಗಿ ನಡೆದ ಅಪರಾಧಗಳನ್ನು ನಟರಿಂದ ಆಡಿಸಿ ತೋರಿಸುವ ಕಾರ್ಯಕ್ರಮಗಳು ಈಚಿನ ವರ್ಷಗಳಲ್ಲಿ ಬಂದವು. ಹಿಂದಿಯ 'ಕ್ರೈಂ ಪೆಟ್ರೋಲ್' 2003ರಲ್ಲಿ ಶುರುವಾಯಿತು. 'ಸಾವಧಾನ್ ಇಂಡಿಯಾ' 2012ರಲ್ಲಿ ಬಂತು. ಕನ್ನಡದಲ್ಲೂ ಆ ಬಗೆಯವು ಬಂದಿವೆ. ಇವುಗಳಲ್ಲಿ ಒಳ್ಳೆಯದಿಲ್ಲವೆಂದಲ್ಲ. 'ಕ್ರೈಂ ಪೆಟ್ರೋಲ್' ನಡೆಸಿಕೊಡುತ್ತಿದ್ದ ಅನೂಪ್ ಸೋನಿಯವರ ಮಾತಿನಲ್ಲಿ ಸತ್ತವರ ಬಗ್ಗೆ ಮರ್ಯಾದೆಯಿತ್ತು. ಮನೆಯೊಳಗಿನ ಕ್ರೌರ್ಯದ ಕಥೆಗಳೂ ಅದರಲ್ಲಿ ಬಂದಿವೆ. ಆದರೆ ಒಟ್ಟಾರೆಯಾಗಿ ಇಂಥ ಕಾರ್ಯಕ್ರಮಗಳ ರಾಗ ಒಂದೇ. ಎಚ್ಚರಿಕೆಯಿಂದಿರಿ! ಹುಡುಗಿ ತಡವಾಗಿ ಮನೆಗೆ ಹೊರಟಳು, ಎಚ್ಚರಿಕೆ. ಅಪರಿಚಿತರ ಬಳಿ ಮಾತಾಡಿದಳು, ಎಚ್ಚರಿಕೆ. ಫೋನಿನಲ್ಲಿ ಸ್ನೇಹ ಮಾಡಿದಳು, ಎಚ್ಚರಿಕೆ. ಮಾಡಿದವನಿಗೆ ಎರಡು ನಿಮಿಷ, ಅವಳು ಎಲ್ಲಿ ತಪ್ಪಿದಳು ಎಂಬುದಕ್ಕೆ ಅರ್ಧ ಗಂಟೆ. ಬ್ಯೋಮಕೇಶ ಕೊಲೆಗಾರನನ್ನು ಪ್ರಶ್ನಿಸುತ್ತಿದ್ದ. ಇವರು ಹುಡುಗಿಯನ್ನು ಪ್ರಶ್ನಿಸುತ್ತಾರೆ.

ಟೀವಿಯ ಮಾತು ಟೀವಿಯಲ್ಲೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಖೋಖೋ ಆಟದಲ್ಲಿ ಅವಳು ಕಂಬ ತಿರುಗುವುದನ್ನು ನೋಡಿದರೆ ಮೈಯಲ್ಲಿ ಮೂಳೆಯೇ ಇಲ್ಲವೇನೋ ಎನ್ನಿಸುತ್ತಿತ್ತು. ತಾಲ್ಲೂಕು ಮಟ್ಟದಲ್ಲಿ ನಮ್ಮ ತಂಡ ಗೆದ್ದದ್ದು ಅವಳೊಬ್ಬಳಿಂದ. ಜಿಲ್ಲಾ ಮಟ್ಟದ ಪಂದ್ಯಕ್ಕೆ ಒಂದು ರಾತ್ರಿ ಹೊರಗೆ ಉಳಿಯಬೇಕಿತ್ತು. ಹೊರಡುವ ಎರಡು ದಿನ ಮೊದಲು ಅವಳು ಶಾಲೆಗೇ ಬರಲಿಲ್ಲ. ಸಂಜೆ ನಾನು ಅವರ ಮನೆಗೆ ಹೋದೆ. ಅಪ್ಪ ಚಿಲ್ಲರೆ ಅಂಗಡಿ ಇಟ್ಟಿದ್ದವರು, ಒಳ್ಳೆಯ ಮನುಷ್ಯ. ಕುರ್ಚಿ ಹಾಕಿ, ಕಾಫಿ ತರಿಸಿ ಹೇಳಿದರು: "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ ಮೇಡಂ. ಕಾಲ ಕೆಟ್ಟಿದೆ. ಮೊನ್ನೆ ರಾತ್ರಿ ಟೀವೀಲಿ ನೀವೂ ನೋಡಿರ್ತೀರಲ್ಲ, ಆಟಕ್ಕೆ ಅಂತ ಹೋದ ಹುಡುಗಿ ಕತೆ ಏನಾಯ್ತು. ಕೊನೇಲಿ ಅವರೇ ಹೇಳಿದ್ರಲ್ಲ, ಹೆತ್ತವರು ಹುಷಾರಾಗಿರಬೇಕು ಅಂತ."

ನಾನು ನೋಡಿದ್ದೆ. ಅದೇ ಕಂತನ್ನು, ಅದೇ ರಾತ್ರಿ, ಕಾಲು ಚಾಚಿಕೊಂಡು ಕುತೂಹಲದಿಂದ ನೋಡಿದ್ದೆ. ಏನು ಹೇಳಲಿ? ನಾನೇ ಜವಾಬ್ದಾರಿ ಎಂದೆ, ಬರೆದು ಕೊಡುತ್ತೇನೆ ಎಂದೆ, ನೀವೂ ಜೊತೆಗೆ ಬನ್ನಿ ಎಂದೆ. ಅವರು ಕೈ ಮುಗಿದರು. ಕೈ ಮುಗಿದವರ ಹತ್ತಿರ ವಾದ ಮಾಡುವುದು ಹೇಗೆ? ಹುಡುಗಿ ಒಳಬಾಗಿಲ ಪರದೆಯ ಹಿಂದೆ ನಿಂತಿದ್ದಳು. ಅವಳ ಪಾದ ಮಾತ್ರ ಕಾಣುತ್ತಿತ್ತು. ಜಿಲ್ಲಾ ಪಂದ್ಯದಲ್ಲಿ ನಮ್ಮ ತಂಡ ಮೊದಲ ಸುತ್ತಿನಲ್ಲೇ ಸೋತಿತು. ಅದು ದೊಡ್ಡದಲ್ಲ. ಆಮೇಲೆ ಆ ಹುಡುಗಿ ಶಾಲೆಯ ಅಂಗಳದಲ್ಲಿ ಕೂಡ ಓಡಲಿಲ್ಲ. ಅದು ದೊಡ್ಡದು.

ಎಚ್ಚರಿಕೆ ಹೇಳುವವರು ಲೆಕ್ಕವನ್ನಾದರೂ ಸರಿಯಾಗಿ ಹೇಳಬೇಡವೇ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ 2022ರ ಅಂಕಿ ಅಂಶ ನೋಡಿ. ಆ ವರ್ಷ ದೇಶದಲ್ಲಿ ಮಹಿಳೆಯರ ಮೇಲಿನ ಅಪರಾಧದ ಪ್ರಕರಣಗಳು ದಾಖಲಾದದ್ದು 4,45,256. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು, ನೂರಕ್ಕೆ ಮೂವತ್ತೊಂದಕ್ಕಿಂತ ಹೆಚ್ಚು, ಯಾವುದು ಗೊತ್ತೇ? ಗಂಡ ಅಥವಾ ಗಂಡನ ಮನೆಯವರ ಕ್ರೌರ್ಯ. ಅತ್ಯಾಚಾರದ ಪ್ರಕರಣಗಳಲ್ಲೂ ಆರೋಪಿಗಳು ಬಹುಪಾಲು ಹೆಣ್ಣಿಗೆ ಗೊತ್ತಿದ್ದವರೇ. ಅಂದರೆ ಕತ್ತಲ ದಾರಿಗಿಂತ, ಖೋಖೋ ಅಂಗಳಕ್ಕಿಂತ ಹೆಚ್ಚು ಅಪಾಯ ಇರುವುದು ದೀಪ ಹಚ್ಚಿಟ್ಟ ಮನೆಯೊಳಗೆ. ಹೀಗಿರುವಾಗ 'ಹೆಣ್ಣುಮಗಳೇ, ಬೇಗ ಮನೆ ಸೇರಿಕೋ, ಬಾಗಿಲು ಹಾಕಿಕೋ' ಎಂದು ವಾರವಾರವೂ ಹೇಳುವುದು ಎಂಥ ಎಚ್ಚರಿಕೆ? ಮನೆಯೇ ಸುಡುತ್ತಿರುವಾಗ ಒಳಗೆ ಹೋಗಿ ಚಿಲಕ ಹಾಕಿಕೋ ಎಂದಂತಾಗಲಿಲ್ಲವೇ?

ನೀವು ಕೇಳಬಹುದು, ಸಿಐಡಿಯಲ್ಲಿ ದಯಾ ಬಾಗಿಲು ಒಡೆಯುತ್ತಾನಲ್ಲ ಎಂದು. ಒಡೆಯುತ್ತಾನೆ, ನಿಜ. ಆದರೆ ಯಾವ ಬಾಗಿಲು? ಬಂಗಲೆಯದು, ಹೋಟೆಲಿನದು, ಪಾಳು ಬಿದ್ದ ಕಾರ್ಖಾನೆಯದು. ಅವನು ಒಡೆದು ಒಳಗೆ ನುಗ್ಗುವ ಹೊತ್ತಿಗೆ ಹೆಣ ತಣ್ಣಗಾಗಿರುತ್ತದೆ. ಸಾಯುವ ಮೊದಲು ಅವಳು ಕೂಗಿದಾಗ ಪಕ್ಕದ ಮನೆಯವರು ಎಲ್ಲಿದ್ದರು ಎಂಬ ಪ್ರಶ್ನೆಯನ್ನು ಈ ಧಾರಾವಾಹಿಗಳು ಕೇಳುವುದು ಕಡಿಮೆ. ಪಕ್ಕದ ಮನೆಯವರು ಬಂದು 'ಒಳ್ಳೆಯ ದಂಪತಿ ಸಾರ್, ಏನೂ ಗೊತ್ತಿಲ್ಲ' ಎಂದು ಎರಡು ಸಾಲು ಹೇಳಿ ಹೋಗುತ್ತಾರೆ. ಅವರ ಪಾತ್ರ ಅಷ್ಟೇ.

ಆ ಪಾತ್ರದ ಬಗ್ಗೆ ನನಗೆ ಸ್ವಲ್ಪ ಗೊತ್ತು. ನಾನೇ ಅದನ್ನು ಮಾಡಿದ್ದೇನೆ.

ಹಿಂದೆ ನಾವು ಬಾಡಿಗೆಗಿದ್ದ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯ ಯಜಮಾನ ಓದಿದವನು, ಒಳ್ಳೆಯ ನೌಕರಿಯಲ್ಲಿದ್ದವನು. ಬೀದಿಯಲ್ಲಿ ಕಂಡರೆ ನಮಸ್ಕಾರ ಹೇಳುವವನು, ಗಣಪತಿ ಹಬ್ಬಕ್ಕೆ ಎಲ್ಲರಿಗಿಂತ ಹೆಚ್ಚು ಚಂದಾ ಕೊಡುವವನು. ರಾತ್ರಿ ಹತ್ತರ ಮೇಲೆ ಗೋಡೆಯ ಆಚೆಯಿಂದ ಸದ್ದು ಬರುತ್ತಿತ್ತು. ಮೊದಲು ಮಾತು, ಆಮೇಲೆ ಏನೋ ಬಿದ್ದ ಸದ್ದು, ಆಮೇಲೆ ಹೆಂಗಸಿನ ದನಿ, ಕೊನೆಗೆ ಏನೂ ಇಲ್ಲ. ನಾನು ಸಿಐಡಿ ನೋಡುತ್ತ ಕೂತಿರುತ್ತಿದ್ದೆ. ನಮ್ಮ ಯಜಮಾನರು ಏನೂ ಮಾತಾಡದೆ ರಿಮೋಟ್ ತೆಗೆದುಕೊಂಡು ಟೀವಿಯ ಸದ್ದು ಜಾಸ್ತಿ ಮಾಡುತ್ತಿದ್ದರು. ಮಕ್ಕಳ ಕಿವಿಗೆ ಬೀಳಬಾರದೆಂದು ಇರಬಹುದು. ನಾನು ಬೇಡ ಎನ್ನಲಿಲ್ಲ. ಪರದೆಯ ಮೇಲೆ ದಯಾ ಬಾಗಿಲು ಒಡೆಯುತ್ತಿದ್ದ, ನಾನು ಮೆಚ್ಚಿ ನೋಡುತ್ತಿದ್ದೆ. ಹೀಗೆ ಒಂದು ದಿನವಲ್ಲ, ಎರಡು ವರ್ಷ. ಸಂಸಾರದ ವಿಷಯ, ನಡುವೆ ಹೋದವರ ಮೂಗಿಗೇ ಪೆಟ್ಟು ಎಂದು ಅತ್ತೆಯವರು ಹೇಳಿದ್ದರು. ಗಂಡನ ಮನೆಯವರ ಕ್ರೌರ್ಯ ಶಿಕ್ಷಾರ್ಹ ಎಂದು 1983ರಲ್ಲೇ ಕಾನೂನಾಗಿದೆ, ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯಿದೆ 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ ಎಂದು ನಾನು ಹತ್ತನೆಯ ತರಗತಿಯವರಿಗೆ ನೋಟ್ಸ್ ಬರೆಸಿದ್ದೆ. ಬರೆಸಿದವಳು ಮನೆಗೆ ಬಂದು ಸದ್ದು ಜಾಸ್ತಿ ಮಾಡಿಕೊಂಡು ಕೂರುತ್ತಿದ್ದೆ.

ನನ್ನನ್ನು ಎಬ್ಬಿಸಿದ್ದು ಯಾವ ಪತ್ತೇದಾರನೂ ಅಲ್ಲ, ಒಂದು ಪುಟ್ಟ ಜಾಹೀರಾತು. 2008ರಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆ 'ಬೆಲ್ ಬಜಾವೋ' ಎಂಬ ಪ್ರಚಾರ ಶುರು ಮಾಡಿತು. ನಿಮಗೆ ನೆನಪಿರಬಹುದು. ಪಕ್ಕದ ಮನೆಯಿಂದ ಹೆಂಗಸಿನ ಅಳು ಕೇಳಿಸುತ್ತದೆ. ಒಬ್ಬ ಗಂಡಸು ಎದ್ದು ಹೋಗಿ ಬೆಲ್ ಒತ್ತುತ್ತಾನೆ. ಬಾಗಿಲು ತೆರೆದವನ ಹತ್ತಿರ ಸ್ವಲ್ಪ ಹಾಲು ಸಿಗಬಹುದೇ ಎಂದು ಕೇಳುತ್ತಾನೆ. ಅಷ್ಟೇ. ಬೈಗುಳವಿಲ್ಲ, ಹೊಡೆದಾಟವಿಲ್ಲ. ನಾನು ಕೇಳಿಸಿಕೊಂಡಿದ್ದೇನೆ ಎಂದು ತಿಳಿಸುವುದೊಂದೇ.

ಒಂದು ರಾತ್ರಿ ಸದ್ದು ಎಂದಿಗಿಂತ ಜೋರಾಗಿತ್ತು. ಯಜಮಾನರ ಕೈ ರಿಮೋಟಿಗೆ ಹೋಯಿತು. ನಾನು ಎದ್ದು ಅಡಿಗೆಮನೆಯಿಂದ ಒಂದು ಸ್ಟೀಲ್ ಬಟ್ಟಲು ತೆಗೆದುಕೊಂಡು ಹೊರಟೆ. "ಎಲ್ಲಿಗೆ?" ಎಂದರು. "ಹೆಪ್ಪಿಗೆ" ಎಂದೆ. ರಾತ್ರಿ ಹತ್ತೂವರೆಗೆ ಯಾರಾದರೂ ಹೆಪ್ಪು ಕೇಳುತ್ತಾರೆಯೇ! ಅದೂ ಹೊತ್ತು ಮುಳುಗಿದ ಮೇಲೆ ಮೊಸರು ಕೊಡಬಾರದೆನ್ನುವ ಊರಿನಲ್ಲಿ. ಕಾಲು ನಡುಗುತ್ತಿತ್ತು. ಬೆಲ್ ಒತ್ತಿದೆ. ಒಳಗಿನ ಸದ್ದು ಕತ್ತರಿಸಿದಂತೆ ನಿಂತಿತು. ಬಹಳ ಹೊತ್ತಿನ ಮೇಲೆ ಅವನೇ ಬಾಗಿಲು ತೆರೆದ. ಶರಟಿನ ತೋಳು ಮಡಿಚಿತ್ತು. "ಸ್ವಲ್ಪ ಹೆಪ್ಪು ಬೇಕಿತ್ತು ಸಾರ್" ಎಂದೆ. ಅವನು ನನ್ನ ಕಣ್ಣು ನೋಡಿದ, ಬಟ್ಟಲು ನೋಡಿದ, ಒಳಗೆ ತಿರುಗಿ ಹೆಂಡತಿಯನ್ನು ಕರೆದ. ಅವಳು ಸೆರಗು ಮುಚ್ಚಿಕೊಂಡು ಬಂದು ಒಂದು ಚಮಚ ಮೊಸರು ಹಾಕಿದಳು. ಕೈ ನಡುಗಿ ಅರ್ಧ ಮೊಸರು ನೆಲಕ್ಕೆ ಬಿತ್ತು. "ಬೆಳಿಗ್ಗೆ ಬರ್ತೀನಮ್ಮ" ಎಂದು ಅವನಿಗೆ ಕೇಳುವಂತೆ ಹೇಳಿ ಬಂದೆ.

ಬೆಳಿಗ್ಗೆ ಹೋದೆ. ಆಮೇಲೂ ಹೋಗುತ್ತಿದ್ದೆ. ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಡೆತ ಕಡಿಮೆಯಾಯಿತು, ನಿಲ್ಲಲಿಲ್ಲ. ಕೆಲವು ತಿಂಗಳ ಮೇಲೆ ಅವಳು ಎರಡು ಮಕ್ಕಳನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಹೊರಟುಹೋದಳು. ಹೋಗುವ ಹಿಂದಿನ ದಿನ ನಮ್ಮ ಮನೆಗೆ ಬಂದು ಕುಂಕುಮ ಇಟ್ಟುಕೊಂಡು, ಎದ್ದು ನಿಂತವಳು ಹೊಸ್ತಿಲ ಹತ್ತಿರ ತಿರುಗಿ ಹೇಳಿದಳು: "ಟೀಚರ್, ನಿಮ್ಮ ಟೀವಿ ಸದ್ದು ನಮ್ಮನೆಗೂ ಕೇಳಿಸ್ತಿತ್ತು. ಅದು ಜೋರಾದಾಗಲೆಲ್ಲ ನನಗೆ ಗೊತ್ತಾಗ್ತಿತ್ತು, ನಿಮಗೆ ಕೇಳಿಸಿದೆ ಅಂತ."

ಬೈಗುಳವಲ್ಲ, ದೂರೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನ್ನ ಮೂವತ್ತು ವರ್ಷದ ಮೇಷ್ಟರಿಕೆಯಲ್ಲಿ ನನಗೆ ಯಾರೂ ಇಂಥ ಪಾಠ ಹೇಳಿಲ್ಲ.

ಆದ್ದರಿಂದ ನನ್ನ ವಾದ ಇಷ್ಟು. ಅಪರಾಧದ ಧಾರಾವಾಹಿ ನೋಡುವ ಹೆಂಗಸರನ್ನು ಗೇಲಿ ಮಾಡಬೇಡಿ. ಅದರ ಬದಲು ಆ ಧಾರಾವಾಹಿ ಮಾಡುವವರನ್ನು ಕೇಳಿ: ನಿಮ್ಮ ಎಚ್ಚರಿಕೆ ಯಾರಿಗೆ? ಓಡುವ ಹುಡುಗಿಗೆ ನೂರು ಸಲ ಹೇಳಿದ್ದು ಸಾಕು. ಕೈಯೆತ್ತುವ ಗಂಡನಿಗೆ ಒಂದು ಸಲ ಹೇಳಿ. ಗೋಡೆಯ ಈಚೆ ಕೂತಿರುವ ನನ್ನಂಥವಳಿಗೆ ಇನ್ನೊಂದು ಸಲ ಹೇಳಿ. ಕಂತಿನ ಕೊನೆಯಲ್ಲಿ 'ಹುಷಾರಾಗಿರಿ' ಎನ್ನುವ ಬದಲು 'ಪಕ್ಕದ ಮನೆಯ ಬೆಲ್ ಒತ್ತಿ' ಎನ್ನಿ. 112ಕ್ಕೂ ಮಹಿಳಾ ಸಹಾಯವಾಣಿ 181ಕ್ಕೂ ಫೋನ್ ಮಾಡಿ ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಮಾಡಲಾಗುವುದಿಲ್ಲ, ಜನ ನೋಡುವುದಿಲ್ಲ ಎಂಬ ನೆಪ ಬೇಡ. 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಡೆಲ್ಲಿ ಕ್ರೈಂ' ಅನ್ನು ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಆ ಘೋರ ಪ್ರಕರಣದ ತನಿಖೆಯ ಕಥೆ ಅದು. ಕ್ರೌರ್ಯವನ್ನು ನಮ್ಮ ಕಣ್ಣಮುಂದೆ ಆಡಿಸಿ ತೋರಿಸುವುದಿಲ್ಲ, ಹುಡುಗಿ ಯಾಕೆ ಹೊರಗೆ ಹೋದಳು ಎಂದು ಕೇಳುವುದಿಲ್ಲ. ಡಿ.ಸಿ.ಪಿ. ವರ್ತಿಕಾ ಆಗಿ ಶೆಫಾಲಿ ಶಾ ಏನು ನಟಿಸಿದ್ದಾರೆ! ಬೂಟಿನ ಸದ್ದಿಲ್ಲ, ಉದ್ದುದ್ದ ಮಾತಿಲ್ಲ. ನಿದ್ದೆಯಿಲ್ಲದ ಆ ದೊಡ್ಡ ಕಣ್ಣುಗಳಲ್ಲಿ ಸಿಟ್ಟು, ಸಂಕಟ, ಕೆಲಸ ಮೂರೂ ಒಟ್ಟಿಗೆ ಕಾಣುತ್ತವೆ. 2020ರಲ್ಲಿ ಅದಕ್ಕೆ ಅತ್ಯುತ್ತಮ ನಾಟಕ ಸರಣಿಯೆಂದು ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂತು. ಕಿಟ್ಟಿಯಿಂದ ಶೆಫಾಲಿಯವರೆಗೆ ಬರಲು ನಮಗೆ ಮೂವತ್ತನಾಲ್ಕು ವರ್ಷ ಹಿಡಿಯಿತು. ಇನ್ನು ನಮ್ಮ ಕನ್ನಡದಲ್ಲಿ, ನಮ್ಮ ಊರಿನ ಒಂದು ಗೋಡೆಯ ಮನೆಗಳ ಕಥೆಯನ್ನು ಹಾಗೆ ಹೇಳುವವರು ಬರಲಿ ಎಂದು ಕಾಯುತ್ತಿದ್ದೇನೆ.

ಅಲ್ಲಿಯವರೆಗೆ ನಾನು ನೋಡುವುದನ್ನೇನೂ ಬಿಟ್ಟಿಲ್ಲ. ಪಾತ್ರೆ ತೊಳೆದಿಟ್ಟು, ಹಾಲಿಗೆ ಹೆಪ್ಪು ಹಾಕಿ, ಬ್ಯೋಮಕೇಶನನ್ನೋ ದಯಾನನ್ನೋ ಹಳೆಯ ಕಂತುಗಳಲ್ಲಿ ಹುಡುಕಿಕೊಂಡು ನೋಡುತ್ತೇನೆ. ಸ್ಟಾಫ್ ರೂಮಿನವರು ಏನಾದರೂ ಅಂದುಕೊಳ್ಳಲಿ. ಒಂದೇ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಟೀವಿಯ ಸದ್ದನ್ನು ಸಣ್ಣದಾಗಿ ಇಟ್ಟುಕೊಳ್ಳುತ್ತೇನೆ. ಕೆಲವು ಮಾತು ಕೇಳಿಸುವುದಿಲ್ಲ, ಕೊಲೆಗಾರ ಯಾರೆಂದು ಒಮ್ಮೊಮ್ಮೆ ಗೊತ್ತಾಗದೆಯೂ ಹೋಗುತ್ತದೆ. ಅಡ್ಡಿಯಿಲ್ಲ. ಪಕ್ಕದ ಮನೆಯದು ಕೇಳಿಸಬೇಕು.